ಮನೆಯ ಗಣಕಯಂತ್ರ ಸ್ಥಗಿತಗೊಂಡಲ್ಲಿ ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳು

(ಕಲಬುರಗಿ ನಗರ ಹಾಗೂ ಕಮಲಾಪುರ ತಾಲ್ಲೂಕಿನ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ವಾಸಸ್ಥಳ ದೃಢೀಕರಣ, ವಿದ್ಯಾರ್ಥಿ ವೇತನ ಮುಂತಾದ ಸೇವೆಗಳಿಗೆ ಸಾರ್ವಜನಿಕರು ಮನೆಯಿಂದಲೇ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವ ಅನುಕೂಲವಿದೆ. ಜಗತ್ ಬಡಾವಣೆಯ ಮನೆಯಲ್ಲಾಗಲಿ, ಕಮಲಾಪುರದ ಗ್ರಾಮವೊಂದರಲ್ಲಾಗಲಿ, ಅರ್ಜಿ ತುಂಬುತ್ತಿರುವಾಗ ಗಣಕಯಂತ್ರವು ಇದ್ದಕ್ಕಿದ್ದಂತೆ ನಿಂತುಹೋಗುವುದು ಅಥವಾ ಬೆಳಿಗ್ಗೆ ಪ್ರಾರಂಭವೇ ಆಗದಿರುವುದು ಉಂಟು. ಕೊನೆಯ ದಿನಾಂಕ ಸಮೀಪಿಸಿರುವಾಗ ಗಾಬರಿಯಿಂದ ಕೈಗೊಳ್ಳುವ ಕ್ರಮಗಳು ಮೂಲ ದೋಷಕ್ಕಿಂತ ಹೆಚ್ಚಿನ ನಷ್ಟವನ್ನು ಉಂಟುಮಾಡಬಹುದು. ಆದ್ದರಿಂದ ಮೊದಲು ಅರ್ಜಿ ಮತ್ತು ದಾಖಲೆಗಳನ್ನು ರಕ್ಷಿಸಿಕೊಂಡು, ನಂತರ ಯಂತ್ರದ ದುರಸ್ತಿಗೆ ಗಮನ ಕೊಡುವುದು ಸೂಕ್ತ.

1. ಅರ್ಜಿಯ ಸ್ಥಿತಿಯನ್ನು ಅರಿಯುವುದು

ಅರ್ಜಿ ಸಲ್ಲಿಕೆಯಾಗಿ ಅರ್ಜಿ ಸಂಖ್ಯೆ ದೊರೆತಿದ್ದಲ್ಲಿ, ಅದರ ವಿವರಗಳು ಇಲಾಖೆಯ ಸರ್ವರ್‌ನಲ್ಲಿ ಇರುತ್ತವೆ. ಮನೆಯ ಯಂತ್ರ ಕೆಟ್ಟರೂ ಅವುಗಳಿಗೆ ಧಕ್ಕೆಯಿಲ್ಲ. ಅರ್ಜಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು. ಸಂಖ್ಯೆ ದೊರೆಯುವ ಮೊದಲೇ ಯಂತ್ರ ನಿಂತಿದ್ದಲ್ಲಿ ಅರ್ಜಿ ಸಲ್ಲಿಕೆಯಾಗಿದೆ ಎಂದು ಭಾವಿಸಬಾರದು.

ಶುಲ್ಕ ಪಾವತಿಸುವ ಹಂತದಲ್ಲಿ ಯಂತ್ರ ನಿಂತರೆ ಕೂಡಲೇ ಎರಡನೆಯ ಬಾರಿ ಪಾವತಿಸಬಾರದು. ಮೊದಲು ಬ್ಯಾಂಕಿನ ಸಂದೇಶವನ್ನೂ, ಮೊಬೈಲ್ ಮೂಲಕ ಅಥವಾ ಬೇರೊಂದು ಯಂತ್ರದಲ್ಲಿ ಅರ್ಜಿಯ ಸ್ಥಿತಿಯನ್ನೂ ಪರಿಶೀಲಿಸಿ ಮುಂದುವರಿಯುವುದು.

2. ನಿಂತಿರುವುದು ಯಂತ್ರವೋ, ಜಾಲತಾಣವೋ?

ಕೀಲಿಮಣೆಯ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ ನೋಡಿ. ಅದರ ದೀಪ ಹೊತ್ತಿ ಆರಿದರೆ ಯಂತ್ರ ಪೂರ್ಣವಾಗಿ ನಿಂತಿಲ್ಲ. ಜಾಲತಾಣ ಅಥವಾ ಬ್ರೌಸರ್ ಮಾತ್ರ ನಿಧಾನವಾಗಿರಬಹುದು. ಕೆಲವು ನಿಮಿಷ ಕಾಯಿರಿ. ನಂತರವೂ ಬದಲಾವಣೆಯಿಲ್ಲದಿದ್ದರೆ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ತೆರೆಯುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಥಗಿತಗೊಂಡ ತಂತ್ರಾಂಶವನ್ನಷ್ಟೇ ಮುಚ್ಚಬಹುದು. ದೀಪವೂ ಮೌಸ್‌ನ ಬಾಣವೂ ಕದಲದಿದ್ದಲ್ಲಿ ಮಾತ್ರ ಪವರ್ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿ ಹಿಡಿದು ಯಂತ್ರವನ್ನು ಆರಿಸುವುದು. ಇದು ಕೊನೆಯ ಉಪಾಯವಾಗಿರಬೇಕು.

3. ಬಿಸಿಲು, ಧೂಳು ಮತ್ತು ವಿದ್ಯುತ್

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಯಂತ್ರದ ಒಳಗಿನ ಶಾಖ ಕೋಣೆಯ ಶಾಖಕ್ಕಿಂತ ಯಾವಾಗಲೂ ಹೆಚ್ಚು. ಬೆಳಿಗ್ಗೆ ಸರಿಯಾಗಿ ನಡೆಯುವ ಯಂತ್ರ ಮಧ್ಯಾಹ್ನ ಅರ್ಧ ಗಂಟೆಯಲ್ಲಿ ನಿಂತರೆ, ಅಥವಾ ತಾನಾಗಿ ಆರಿಹೋದರೆ, ಶಾಖವೇ ಕಾರಣವೆಂದು ಮೊದಲು ಶಂಕಿಸಬೇಕು. ಕ್ಯಾಬಿನೆಟ್‌ನ ಗಾಳಿಕಿಂಡಿಗಳನ್ನು ಗೋಡೆಗೆ ಒತ್ತಿಡಬಾರದು. ಲ್ಯಾಪ್‌ಟಾಪನ್ನು ಹಾಸಿಗೆ ಅಥವಾ ದಿಂಬಿನ ಮೇಲಿಟ್ಟು ಬಳಸಬಾರದು. ಧೂಳು ತೆಗೆಯುವ ಮೊದಲು ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದು, ಮೃದುವಾದ ಒಣ ಕುಂಚದಿಂದ ಸ್ವಚ್ಛಗೊಳಿಸುವುದು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಪ್ಲಗ್ ಕಿತ್ತ ನಂತರವೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಮನೆಗೆ ಬರುವ ವಿದ್ಯುತ್ತಿನ ನಿಗದಿತ ಒತ್ತಡ 230 ವೋಲ್ಟ್. ಮೋಟಾರು ಚಾಲೂ ಆದಾಗ ದೀಪ ಮಂಕಾಗಿ, ಅದೇ ಗಳಿಗೆಯಲ್ಲಿ ಯಂತ್ರ ನಿಂತರೆ ದೋಷ ವಿದ್ಯುತ್ತಿನದು. ವಿದ್ಯುತ್ ಹೋದ ಕ್ಷಣವೇ ಯುಪಿಎಸ್ ಕೂಡ ಆರಿದರೆ ಅದರ ಬ್ಯಾಟರಿಯ ಆಯುಷ್ಯ ಮುಗಿದಿರುವ ಸಂಭವವಿದೆ. ಯುಪಿಎಸ್‌ಗೆ ಲೇಸರ್ ಮುದ್ರಣ ಯಂತ್ರವನ್ನು ಜೋಡಿಸಬಾರದು.

4. ಯಂತ್ರ ಪ್ರಾರಂಭವಾಗದಿದ್ದಲ್ಲಿ

ಅ) ದೀಪವಾಗಲಿ ಫ್ಯಾನಿನ ಸದ್ದಾಗಲಿ ಇಲ್ಲ: ಸಾಕೆಟ್, ತಂತಿ ಮತ್ತು ಯುಪಿಎಸ್‌ಗಳನ್ನು ಕ್ರಮವಾಗಿ ಪರಿಶೀಲಿಸಿ. ಇವು ಸರಿಯಿದ್ದಲ್ಲಿ ಎಸ್‌ಎಂಪಿಎಸ್ ಕೆಟ್ಟಿರಬಹುದು.

ಆ) ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿದೆ: ಪರದೆಯ ತಂತಿಯನ್ನು ನೋಡಿ. ಬೀಪ್ ಸದ್ದು ಬಂದರೆ ಅದು ಎಷ್ಟು ಸಲ ಬಂದಿತೆಂದು ಬರೆದುಕೊಂಡು ತಂತ್ರಜ್ಞರಿಗೆ ತಿಳಿಸಿ.

ಇ) ಲಾಂಛನ ಮೂಡಿ ಅಲ್ಲಿಯೇ ನಿಲ್ಲುತ್ತದೆ: ಪೆನ್ ಡ್ರೈವ್, ಸ್ಕ್ಯಾನರ್ ಮುಂತಾದವುಗಳನ್ನು ಕಿತ್ತು ಮತ್ತೊಮ್ಮೆ ಪ್ರಯತ್ನಿಸಿ. ಪ್ರಾರಂಭವು ಮತ್ತೆ ಮತ್ತೆ ವಿಫಲವಾದಾಗ ವಿಂಡೋಸ್ 10 ಮತ್ತು 11 ಸಾಮಾನ್ಯವಾಗಿ ದುರಸ್ತಿ ಪರದೆಯನ್ನು ತೋರಿಸುತ್ತವೆ. ಅದರಲ್ಲಿ 'ಸ್ಟಾರ್ಟ್‌ಅಪ್ ರಿಪೇರ್' ಅನ್ನು ಬಳಸಬಹುದು. 'ರೀಸೆಟ್' ಆಯ್ಕೆಯನ್ನು ಕಡತಗಳ ಪ್ರತಿ ತೆಗೆಯುವ ಮೊದಲು ಒತ್ತಬಾರದು.

ಈ) ಪ್ರತಿ ಸಲವೂ ದಿನಾಂಕ ತಪ್ಪಾಗಿರುತ್ತದೆ: ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಮುಗಿದಿರಬಹುದು. ದಿನಾಂಕ ತಪ್ಪಿದ್ದರೆ ಸರ್ಕಾರಿ ಜಾಲತಾಣಗಳು 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆಯೊಂದಿಗೆ ತೆರೆಯದೇ ಹೋಗಬಹುದು. ಎಚ್ಚರಿಕೆಯನ್ನು ದಾಟಿ ಹೋಗದೆ, ದಿನಾಂಕವನ್ನು ಸರಿಪಡಿಸಿ ನೋಡುವುದು.

ಉ) ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತದೆ: ಡಿಸ್ಕ್ ಕೆಡುತ್ತಿರುವ ಲಕ್ಷಣವಿದು. ಮತ್ತೆ ಮತ್ತೆ ಪ್ರಾರಂಭಿಸಿದಷ್ಟೂ ಹಾನಿ ಹೆಚ್ಚು. ಯಂತ್ರವನ್ನು ಆರಿಸಿ, ಕಡತಗಳನ್ನು ಹೊರತೆಗೆಯಬಲ್ಲ ತಂತ್ರಜ್ಞರಿಗೆ ಒಪ್ಪಿಸುವುದು.

5. ಯಂತ್ರ ನಡೆಯುತ್ತಿದ್ದರೂ ಅತಿ ನಿಧಾನವಾಗಿದ್ದಲ್ಲಿ

ಡಿಸ್ಕ್‌ನಲ್ಲಿ ಹತ್ತನೇ ಒಂದು ಭಾಗವಾದರೂ ಖಾಲಿ ಇರಲಿ. ಪ್ರಾರಂಭದಲ್ಲಿಯೇ ತೆರೆದುಕೊಳ್ಳುವ ಅನವಶ್ಯಕ ತಂತ್ರಾಂಶಗಳನ್ನು ಟಾಸ್ಕ್ ಮ್ಯಾನೇಜರ್‌ನ 'ಸ್ಟಾರ್ಟ್‌ಅಪ್' ವಿಭಾಗದಲ್ಲಿ ನಿಲ್ಲಿಸಬಹುದು. ದಾಖಲೆಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡುವ ಅವಶ್ಯಕತೆ ಸಾಮಾನ್ಯವಾಗಿ ಇರುವುದಿಲ್ಲ; 200 ಡಿಪಿಐನಲ್ಲಿ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ, ಕಡತವೂ ಹಗುರವಾಗಿರುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಅಳವಡಿಸಿದಲ್ಲಿ ಹೊಸ ಯಂತ್ರ ಕೊಳ್ಳುವ ಅಗತ್ಯ ಅನೇಕ ವೇಳೆ ಬೀಳುವುದಿಲ್ಲ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ಕೊನೆಗೊಂಡಿರುವುದನ್ನು ಬಳಕೆದಾರರು ಗಮನಿಸುವುದು.

6. ದುರಸ್ತಿಗೆ ಕೊಡುವ ಮುನ್ನ

ಆಧಾರ್, ಅಂಕಪಟ್ಟಿ, ಪಹಣಿ ಮತ್ತು ಬ್ಯಾಂಕ್ ಪುಸ್ತಕಗಳ ಪ್ರತಿಗಳು ಯಂತ್ರದಲ್ಲಿದ್ದಲ್ಲಿ, ಸಾಧ್ಯವಾದರೆ ಅವುಗಳನ್ನು ಪೆನ್ ಡ್ರೈವ್‌ಗೆ ವರ್ಗಾಯಿಸಿ ಯಂತ್ರದಿಂದ ಅಳಿಸಿರಿ. 'ಫಾರ್ಮ್ಯಾಟ್' ಮಾಡುವ ಮೊದಲು ತಮ್ಮ ಒಪ್ಪಿಗೆ ಪಡೆಯಬೇಕೆಂದು ಅಂಗಡಿಯವರಿಗೆ ಸ್ಪಷ್ಟವಾಗಿ ತಿಳಿಸಿರಿ. ಒಟಿಪಿ ಹಾಗೂ ಬ್ಯಾಂಕಿನ ಗುಪ್ತಪದಗಳನ್ನು ಯಾರಿಗೂ ಕೊಡಬಾರದು. 'ನಿಮ್ಮ ಯಂತ್ರದಲ್ಲಿ ವೈರಸ್ ಇದೆ, ಈ ಸಂಖ್ಯೆಗೆ ಕರೆ ಮಾಡಿ' ಎಂದು ಪರದೆಯ ಮೇಲೆ ಮೂಡುವ ಸೂಚನೆಗಳು ವಂಚಕರವು. ಹಣ ಕಳೆದುಕೊಂಡಲ್ಲಿ ವಿಳಂಬವಿಲ್ಲದೆ 1930 ಸಹಾಯವಾಣಿಗೆ ದೂರು ನೀಡುವುದು.

7. ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ

ಯಂತ್ರ ದುರಸ್ತಿಯಾಗುವವರೆಗೆ ಕಾಯುತ್ತ ಕೂರಬಾರದು. ನಗರದವರು ಕರ್ನಾಟಕ ಒನ್ ಕೇಂದ್ರವನ್ನೂ, ಗ್ರಾಮೀಣ ಭಾಗದವರು ಗ್ರಾಮ ಒನ್ ಕೇಂದ್ರ ಅಥವಾ ನಾಡಕಚೇರಿಯನ್ನೂ ಸಂಪರ್ಕಿಸಿ, ತಮಗೆ ಬೇಕಾದ ಸೇವೆ ಅಲ್ಲಿ ಲಭ್ಯವಿದೆಯೇ ಎಂದು ವಿಚಾರಿಸಿ ಅರ್ಜಿ ಸಲ್ಲಿಸಬಹುದು. ಮೂಲ ದಾಖಲೆಗಳನ್ನು ಜೊತೆಯಲ್ಲಿ ಒಯ್ಯುವುದು. ಸಾರ್ವಜನಿಕ ಯಂತ್ರ ಬಳಸಿದಲ್ಲಿ ಕೆಲಸ ಮುಗಿದ ಮೇಲೆ ಲಾಗ್ ಔಟ್ ಮಾಡಿ, ಇಳಿಸಿಕೊಂಡ ಕಡತಗಳನ್ನು ಅಳಿಸಿ ಬರುವುದು. ಸಕಾಲ ವ್ಯಾಪ್ತಿಯ ಸೇವೆಗಳಲ್ಲಿ ಸ್ವೀಕೃತಿ ಪತ್ರವನ್ನು ಪಡೆದು ಜೋಪಾನವಾಗಿಡತಕ್ಕದ್ದು. ಅರ್ಜಿಯ ವಿಲೇವಾರಿಯನ್ನು ಕೇಳಲು ಅರ್ಜಿದಾರರಿಗೆ ಅದೇ ಆಧಾರ.

ಕೆಟ್ಟ ಯಂತ್ರವನ್ನು ನಾಳೆ ದುರಸ್ತಿ ಮಾಡಿಸಬಹುದು. ದಾಟಿದ ದಿನಾಂಕ ಮರಳಿ ಬಾರದು. ಆದ್ದರಿಂದ ಕೊನೆಯ ದಿನದವರೆಗೆ ಕಾಯದೆ ಮುಂಚಿತವಾಗಿಯೇ ಅರ್ಜಿ ಸಲ್ಲಿಸಿ, ದಾಖಲೆಗಳ ಒಂದು ಪ್ರತಿಯನ್ನು ಯಂತ್ರದ ಹೊರಗೆ ಇಟ್ಟುಕೊಳ್ಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.