ಸೊಂಟದ ಪಿಸ್ತೂಲು: ಹಾರೋಹಳ್ಳಿಯ ನಂಬಿಕೆ, ಕಾನೂನಿನ ಸತ್ಯ

ಕನಕಪುರ ರಸ್ತೆಯ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಕಾರ್ಖಾನೆ ನಡೆಸುವವರು, ಜಮೀನು ವ್ಯವಹಾರದವರು, ಕಲ್ಲುಗಣಿ ಗುತ್ತಿಗೆದಾರರು ನಾಲ್ಕು ಜನ ಸೇರಿದರೆ ಈ ಮಾತು ಬರುತ್ತದೆ: ರಾತ್ರಿ ಹೊತ್ತು ಒಬ್ಬರೇ ಓಡಾಡುತ್ತೇವೆ, ಸೊಂಟದಲ್ಲಿ ಒಂದು ಪಿಸ್ತೂಲು ಇರಲಿ, ಒಳ್ಳೆಯದು ಯಾವುದು? ಮೊಬೈಲಿನಲ್ಲಿ ನೋಡಿದ ವಿಡಿಯೊಗಳಿಂದ ಗ್ಲಾಕ್ 19, ಸಿಗ್ ಪಿ365 ಎಂಬ ಹೆಸರುಗಳೂ ಜೊತೆಗೇ ಬರುತ್ತವೆ. ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಆ ವಿಡಿಯೊಗಳು ಬೇರೆ ದೇಶದ ಕಾನೂನಿಗೆ ತಕ್ಕಂತೆ ಹುಟ್ಟಿದವು. ಅವುಗಳ ಪಟ್ಟಿ ಹಿಡಿದು ಇಲ್ಲಿ ಹೊರಟವರು ಠಾಣೆಯ ಮೆಟ್ಟಿಲು ಹತ್ತುವ ಸಾಧ್ಯತೆಯೇ ಹೆಚ್ಚು.

ನಂಬಿಕೆ: ದುಡ್ಡಿದ್ದರೆ, ಲೈಸೆನ್ಸೂ ಇದ್ದರೆ, ಬೇಕಾದ ಪಿಸ್ತೂಲು ಕೊಳ್ಳಬಹುದು.

ಸತ್ಯ: ಆಯ್ಕೆಯ ಬಹುಪಾಲನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಆಗಲೇ ಮಾಡಿಬಿಟ್ಟಿದೆ. ಸೇನೆ, ಪೊಲೀಸರು ಬಳಸುವ 9 ಎಂಎಂ ಗುಂಡನ್ನು ಹಾರಿಸಬಲ್ಲ ಪಿಸ್ತೂಲುಗಳು ನಿಷೇಧಿತ ವರ್ಗಕ್ಕೆ ಸೇರುತ್ತವೆ. ವಿಡಿಯೊದ ಆ ಎರಡೂ ಪಿಸ್ತೂಲುಗಳು 9 ಎಂಎಂನವು. ವಿಶೇಷ ಅನುಮತಿಯಿಲ್ಲದೆ ನಿಷೇಧಿತ ಆಯುಧ ಇಟ್ಟುಕೊಂಡರೆ, 2019ರ ತಿದ್ದುಪಡಿಯ ನಂತರ, 7 ವರ್ಷಕ್ಕೆ ಕಡಿಮೆಯಿಲ್ಲದೆ 14 ವರ್ಷದವರೆಗೆ ಜೈಲು. ಸಾಮಾನ್ಯ ನಾಗರಿಕರಿಗಾಗಿ ಕೈಬಂದೂಕು ಆಮದಾಗುವುದು 1980ರ ದಶಕದಲ್ಲೇ ನಿಂತಿತು. ಅದಕ್ಕೂ ಮೊದಲು ಬಂದ ವಿದೇಶಿ ಪಿಸ್ತೂಲುಗಳು ಕೈಯಿಂದ ಕೈಗೆ ದಾಟುತ್ತ ದುಬಾರಿ ಬೆಲೆಗೆ ಮಾರಾಟವಾಗುತ್ತವೆ. ಬೆಲೆ ಏರಿರುವುದು ಸಿಗದ ಕಾರಣಕ್ಕೆ. ನಲವತ್ತು ವರ್ಷ ದಾಟಿದ ಸ್ಪ್ರಿಂಗು, ಸವೆದ ಮ್ಯಾಗಜೀನು ಅವುಗಳೊಳಗೇ ಇರುತ್ತವೆ.

ಉಳಿಯುವುದು ಮುಖ್ಯವಾಗಿ .32 ಬೋರ್. ಇಛಾಪುರದ ರೈಫಲ್ ಫ್ಯಾಕ್ಟರಿಯ ಅಶನಿ ಪಿಸ್ತೂಲು, ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ .32 ರಿವಾಲ್ವರ್, ಕಾನ್ಪುರದಲ್ಲೇ 2014ರಲ್ಲಿ ಹಗುರ ಮಾದರಿಯಾಗಿ ಬಂದ ನಿರ್ಭೀಕ್, ಇಂಥವು. ಇಲ್ಲಿಯೂ ಒಂದು ತೊಡಕಿದೆ. ಪಿಸ್ತೂಲಿನ .32 ಬೇರೆ, ರಿವಾಲ್ವರಿನ .32 ಬೇರೆ. ಮೊದಲನೆಯದರ ಕೋಶ 17 ಎಂಎಂ ಉದ್ದ, ಎರಡನೆಯದು 23 ಎಂಎಂ. ಬೋರ್ ಒಂದೇ ಅಂದಮಾತ್ರಕ್ಕೆ ಒಂದರ ತೋಟಾ ಇನ್ನೊಂದಕ್ಕೆ ಆಗುವುದಿಲ್ಲ.

ನಂಬಿಕೆ: ರಿವಾಲ್ವರ್ ಕೈಕೊಡುವುದಿಲ್ಲ, ಪಿಸ್ತೂಲು ಸಿಕ್ಕಿಕೊಳ್ಳುತ್ತದೆ.

ಅರ್ಧ ನಿಜ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ ಒಂದು ಸಲ ಕುದುರೆ (ಟ್ರಿಗರ್) ಎಳೆದರೆ ಒಂದೇ ಗುಂಡು ಹಾರುತ್ತದೆ. ಆ ಗುಂಡಿನ ಬಲಕ್ಕೆ ಮೇಲಿನ ಸ್ಲೈಡು ಹಿಂದೆ ಸರಿದು ಖಾಲಿ ಕೋಶವನ್ನು ಹೊರಕ್ಕೆ ಎಸೆಯುತ್ತದೆ. ಸ್ಪ್ರಿಂಗು ಅದನ್ನು ಮುಂದಕ್ಕೆ ತಳ್ಳುವಾಗ ಮ್ಯಾಗಜೀನಿನಿಂದ ಹೊಸ ತೋಟಾ ಚೇಂಬರಿಗೆ ಏರುತ್ತದೆ. ಕಣ್ಣುಮಿಟುಕಿಸುವುದರೊಳಗೆ ಇಷ್ಟು ನಡೆಯಬೇಕಾದ್ದರಿಂದ ಎಡವಲು ಜಾಗ ಹಲವು. .32 ತೋಟಾದ ಬುಡದಲ್ಲಿ ಸಣ್ಣ ಅಂಚು ಇದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತರೆ ಎರಡೂ ಕಚ್ಚಿಕೊಂಡು ಮ್ಯಾಗಜೀನಿನಲ್ಲೇ ನಿಂತುಬಿಡುತ್ತವೆ. ಮ್ಯಾಗಜೀನಿನ ತುಟಿ ಸ್ವಲ್ಪ ಬಾಗಿದರೂ ಇದೇ ಪಾಡು. ಕೈಹಿಡಿತ ಸಡಿಲವಾದರೆ ಸ್ಲೈಡು ಪೂರ್ತಿ ಹಿಂದೆ ಹೋಗದಿರಬಹುದು. ಕಲ್ಲು ಕೊರೆಯುವ, ಲೋಹ ಉಜ್ಜುವ ಜಾಗದ ಧೂಳು ಎಣ್ಣೆಗೆ ಅಂಟಿ ಮೆತ್ತಿದರೆ ಎಂಥ ಹೆಸರಾಂತ ಪಿಸ್ತೂಲೂ ಮುಗ್ಗರಿಸುತ್ತದೆ. ರಿವಾಲ್ವರಿನಲ್ಲಿ ಇಷ್ಟು ಚಲನೆಯಿಲ್ಲ, ಹಾರದ ತೋಟಾ ಬಂದರೆ ಮತ್ತೆ ಕುದುರೆ ಎಳೆದರಾಯಿತು. ಆದರೆ ಅದರ ಕುದುರೆ ಬಿಗಿ. ಅಭ್ಯಾಸವಿಲ್ಲದವರ ಗುಂಡು ಗುರಿ ತಪ್ಪಿ ಎಲ್ಲೋ ಹೋಗುತ್ತದೆ, ಎದುರಿಗಿರುವುದು ಶಿಫ್ಟ್ ಮುಗಿಸಿ ಹೊರಬರುತ್ತಿರುವ ಕಾರ್ಮಿಕರ ಸಾಲಾಗಿದ್ದರೆ ಏನಾದೀತು ಎಂದು ಯೋಚಿಸಬೇಕು. ಯಾವ ಆಯುಧ, ಯಾವ ತೋಟಾ ಜೊತೆಗಿರುತ್ತದೋ ಅದರಲ್ಲೇ ಶೂಟಿಂಗ್ ರೇಂಜಿನಲ್ಲಿ ಹಾರಿಸಿ ನೋಡದೆ ಅದನ್ನು ನಂಬಿಕಸ್ಥ ಅನ್ನಲು ನನಗೆ ಧೈರ್ಯವಿಲ್ಲ.

ಇನ್ನು, ಜೀವ ತೆಗೆಯುವ ನಂಬಿಕೆಯೊಂದಿದೆ: ಮ್ಯಾಗಜೀನ್ ತೆಗೆದಾಯಿತು, ಪಿಸ್ತೂಲು ಖಾಲಿ.

ಖಾಲಿಯಲ್ಲ. ಮ್ಯಾಗಜೀನ್ ಹೊರಗೆ ಬಂದರೂ ಚೇಂಬರಿನಲ್ಲಿ ಒಂದು ತೋಟಾ ಕೂತಿರಬಹುದು. ಹಲವು ಪಿಸ್ತೂಲುಗಳು ಮ್ಯಾಗಜೀನ್ ಇಲ್ಲದೆಯೂ ಆ ಒಂದು ಗುಂಡನ್ನು ಹಾರಿಸುತ್ತವೆ. ಕ್ರಮ ಹಿಂದುಮುಂದಾದರೂ ಅಪಾಯವೇ. ಸ್ಲೈಡನ್ನು ಮೊದಲು ಎಳೆದು ಆಮೇಲೆ ಮ್ಯಾಗಜೀನ್ ತೆಗೆದವರು, ಹಳೆಯ ತೋಟಾ ಹೊರಗೆ ಬಿದ್ದದ್ದನ್ನು ನೋಡಿ ಸಮಾಧಾನಪಡುತ್ತಾರೆ. ಅಷ್ಟರಲ್ಲಿ ಹೊಸದೊಂದು ಒಳಗೆ ಹೋಗಿರುತ್ತದೆ. ನಳಿಗೆ ಯಾರ ಕಡೆಗೂ ಇಲ್ಲದಂತೆ ಹಿಡಿದು, ಬೆರಳನ್ನು ಕುದುರೆಯಿಂದ ದೂರವಿಟ್ಟು, ಮೊದಲು ಮ್ಯಾಗಜೀನ್ ತೆಗೆಯಬೇಕು. ಆಮೇಲೆ ಸ್ಲೈಡ್ ಎಳೆದು ಹಿಡಿದು, ಚೇಂಬರನ್ನು ಕಣ್ಣಿನಿಂದ ನೋಡಿ, ಬೆರಳಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಮನೆಯಲ್ಲಿ ಮಕ್ಕಳಿದ್ದರೆ ಆಯುಧ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ.

ಯಾರೂ ಕುದುರೆ ಎಳೆಯದೆ ಗುಂಡು ತಾನಾಗಿ ಹಾರುವುದಿಲ್ಲ ಎನ್ನುವವರೂ ಇದ್ದಾರೆ. ಬಿದ್ದಾಗ ಗುಂಡು ಹಾರದಂತೆ ತಡೆಯುವ ಏರ್ಪಾಡು ಹಳೆಯ ವಿನ್ಯಾಸದ ಕೆಲವು ಆಯುಧಗಳಲ್ಲಿ ಇರುವುದಿಲ್ಲ. 2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬೈನ ಮನೆಯಲ್ಲಿ ಹಿಂದಿ ನಟ ಗೋವಿಂದ ಅವರಿಗೆ ತಮ್ಮದೇ ಲೈಸೆನ್ಸ್ ರಿವಾಲ್ವರಿನ ಗುಂಡು ಕಾಲಿಗೆ ತಗುಲಿತು. ಕಪಾಟಿನಲ್ಲಿಡುವಾಗ ಅದು ಕೈಜಾರಿ ಬಿದ್ದಿತೆಂದು ಆಗ ತಿಳಿಸಲಾಗಿತ್ತು. ಎದುರಿಗೆ ಕಳ್ಳನಿರಲಿಲ್ಲ, ಜಗಳವಿರಲಿಲ್ಲ.

ನಂಬಿಕೆ: ಕಾರ್ಖಾನೆ ಮಾಲೀಕನಾದ್ದರಿಂದ ಲೈಸೆನ್ಸ್ ನನ್ನ ಹಕ್ಕು.

ಅಲ್ಲ. ಇಪ್ಪತ್ತೊಂದು ವರ್ಷ ದಾಟಿದವರು ಅರ್ಜಿ ಹಾಕಬಹುದು, ಅಷ್ಟೇ. ಪೊಲೀಸ್ ವರದಿ ತರಿಸಿಕೊಂಡು, ಜೀವಭಯ ನಿಜವೇ ಎಂದು ತೂಗಿ ನೋಡಿ ಲೈಸೆನ್ಸ್ ಅಧಿಕಾರಿ ಕೊಡಬಹುದು, ನಿರಾಕರಿಸಲೂಬಹುದು. ಜಿಲ್ಲೆಯಲ್ಲಿ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿಯೂ ಆದ ಜಿಲ್ಲಾಧಿಕಾರಿಯದು, ಬೆಂಗಳೂರು ನಗರದಲ್ಲಿ ಪೊಲೀಸ್ ಆಯುಕ್ತರದು. ಸಿಕ್ಕ ಲೈಸೆನ್ಸ್ 5 ವರ್ಷಕ್ಕೆ, ಒಬ್ಬರಿಗೆ ಸಾಮಾನ್ಯವಾಗಿ ಹೆಚ್ಚೆಂದರೆ 2 ಬಂದೂಕು. ಮೊದಲು 3 ಇದ್ದದ್ದನ್ನು 2019ರಲ್ಲಿ ಇಳಿಸಿದರು. ತೋಟಾ ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಎಂಬುದೂ ಅದರಲ್ಲೇ ಬರೆದಿರುತ್ತದೆ. ಬಂದೂಕು ಹಿಡಿಯಲು ಕಲಿತ ಪ್ರಮಾಣಪತ್ರವನ್ನೂ ಕೇಳುತ್ತಾರೆ. ನಮ್ಮ ರಾಜ್ಯದ ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳು ಆರಂಭಕ್ಕೆ ಒಳ್ಳೆಯವು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ 2029ರವರೆಗೆ ವಿನಾಯಿತಿ ಇರುವುದು ನಿಜ, ಆದರೆ ಕೊಡಗಿನಲ್ಲಿ ಎಸ್ಟೇಟು ಕೊಂಡವರಿಗೆಲ್ಲ ಅದು ಸಿಗುವುದಿಲ್ಲ.

ಲೈಸೆನ್ಸ್ ಕೈಗೆ ಬಂದ ಮೇಲೆ ಎಲ್ಲಿ ಬೇಕಾದರೂ ಒಯ್ಯಬಹುದು ಎಂಬ ಭಾವನೆಯೂ ವ್ಯಾಪಕ. ಅದು ಎಲ್ಲಿಯವರೆಗೆ ಊರ್ಜಿತ ಎಂಬುದು ಲೈಸೆನ್ಸಿನಲ್ಲೇ ನಮೂದಾಗಿರುತ್ತದೆ. ಕರ್ನಾಟಕಕ್ಕೆ ಮಾತ್ರ ಕೊಟ್ಟ ಲೈಸೆನ್ಸ್ ಇಟ್ಟುಕೊಂಡು ಆನೇಕಲ್ ದಾಟಿ ಹೊಸೂರಿಗೆ ಬಿಡಿಭಾಗ ತರಲು ಹೋದರೆ, ಗಡಿ ದಾಟಿದ ಕ್ಷಣದಿಂದ ಅಪರಾಧ. ಜಾತ್ರೆ, ದೇವರ ಮೆರವಣಿಗೆ, ಸಾರ್ವಜನಿಕ ಸಭೆ, ಶಾಲಾಕಾಲೇಜು ಆವರಣಕ್ಕೆ ವಿಶೇಷ ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ಕಬ್ಬಾಳಮ್ಮನ ಜಾತ್ರೆಗೆ ಹೋಗುವ ದಿನ ಅದು ಮನೆಯಲ್ಲೇ ಬೀಗದಲ್ಲಿರಬೇಕು. ಮದುವೆ ಸಂಭ್ರಮಕ್ಕೆ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಲೈಸೆನ್ಸಿಗೆ ಕಾಯುವವರಿಗೆ ನಾಡ ಪಿಸ್ತೂಲಿನ ಆಸೆ ತೋರಿಸುವವರೂ ಉಂಟು. ಅದರ ನಳಿಗೆ ಒಡೆದರೆ ಮೊದಲು ಹೋಗುವುದು ಹಿಡಿದವರ ಕೈ. ಲೈಸೆನ್ಸಿಲ್ಲದ ಬಂದೂಕು ಸಿಕ್ಕಿಬಿದ್ದರೆ 2ರಿಂದ 5 ವರ್ಷ ಜೈಲು.

ನಂಬಿಕೆ: ಕಾಂಪೌಂಡು ಹಾರಿ ಬಂದವನ ಮೇಲೆ ಗುಂಡು ಹಾರಿಸಿದರೆ ಕೇಸಾಗುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಸ್ವರಕ್ಷಣೆಯ ಹಕ್ಕನ್ನು ಕೊಡುತ್ತವೆ, ಅದಕ್ಕೆ ಗಡಿಯನ್ನೂ ಹಾಕುತ್ತವೆ. ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಗೋದಾಮಿನ ತಾಮ್ರದ ತಂತಿ ಹೊತ್ತು ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಅದು ಸ್ವರಕ್ಷಣೆ ಎಂದು ನ್ಯಾಯಾಲಯದಲ್ಲಿ ನಿಲ್ಲುವುದು ಬಹಳ ಕಷ್ಟ. ಸಂಬಳದ ಹಣ ಬ್ಯಾಂಕ್ ಖಾತೆಗೆ ಹೋಗುವಂತೆ ಮಾಡುವುದು, ಗೇಟಿಗೆ ಬೆಳಕು ಹಾಕಿಸುವುದು, ದಿನವೂ ಒಂದೇ ಹೊತ್ತಿಗೆ ಒಂದೇ ದಾರಿ ಹಿಡಿಯದಿರುವುದು ಪಿಸ್ತೂಲಿಗಿಂತ ಹೆಚ್ಚು ಜನರನ್ನು ಕಾಯುತ್ತವೆ ಎಂದು ನಾನು ನಂಬಿದ್ದೇನೆ.

ಕೊನೆಯದಾಗಿ, ಲೈಸೆನ್ಸ್ ಸಾಹುಕಾರರದು, ಪಿಸ್ತೂಲು ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಕಾರು ಡ್ರೈವರನ ಕೈಯಲ್ಲಿ. ನನ್ನ ಹೆಸರಲ್ಲೇ ಇದೆಯಲ್ಲ, ಏನಾಗುತ್ತದೆ ಎನ್ನುತ್ತಾರೆ. ಲೈಸೆನ್ಸಿನಲ್ಲಿ ಹೆಸರಿರುವವರು ಮಾತ್ರ ಅದನ್ನು ಒಯ್ಯಬಹುದು. ದುರಸ್ತಿಗೋ ನವೀಕರಣಕ್ಕೋ ಇನ್ನೊಬ್ಬರ ಕೈಯಲ್ಲಿ ಕಳಿಸುವುದಾದರೆ ಬರೆದು ಕೊಟ್ಟ ಅಧಿಕಾರಪತ್ರ ಬೇಕು. ಅದಿಲ್ಲದೆ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಕೇಸು ಮೊದಲು ಬೀಳುವುದು ಡ್ರೈವರನ ಮೇಲೆ, ಆಮೇಲೆ ಸಾಹುಕಾರರ ಲೈಸೆನ್ಸಿನ ಮೇಲೆ.