ಮೋಟಾರಿಗೆ ಹೆಚ್ಚು ಗಾಳಿ ಬೇಕೆ?

ಸಂಧಿ ಸಮಾಸ ಹೇಳಿಕೊಡುವ ಕನ್ನಡ ಪಂಡಿತನಿಗೆ ಮೋಟಾರು ಎಂಜಿನ್ನಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನನ್ನ ಬಳಿ ಓದಿದ ಹುಡುಗನೊಬ್ಬ ಸಾಲ ಮಾಡಿ ಹಳೆಯ ಪೆಟ್ರೋಲು ಕಾರೊಂದನ್ನು ಕೊಂಡು, ಕೊಟ್ಟೂರು ಹರಪನಹಳ್ಳಿಗಳ ನಡುವೆ ಬಾಡಿಗೆಗೆ ಓಡಿಸುತ್ತಾನೆ. ಒಂದು ದಿನ ಮನೆಯ ಮುಂದೆ ನಿಲ್ಲಿಸಿ, “ಸರ್, ಹೊಸಾ ಫಿಲ್ಟರ್ ಹಾಕ್ಸೀನಿ. ಸೌಂಡ್ ಕೇಳ್ರಿ, ಗಾಡಿ ಈಗ ಹೆಂಗ ಎಳಿತೈತಿ!” ಎಂದ. ಕಾರ್ಖಾನೆಯವರು ಕೂರಿಸಿದ್ದ ಕರಿಯ ಪೆಟ್ಟಿಗೆಯನ್ನು ತೆಗೆಸಿ, ಆ ಜಾಗದಲ್ಲಿ ಶಂಕುವಿನಾಕಾರದ ಬಯಲು ಫಿಲ್ಟರೊಂದನ್ನು ಹಾಕಿಸಿದ್ದ. ಒಂದು ತಿಂಗಳ ಸಾಲದ ಕಂತು ಅದಕ್ಕೇ ಹೋಗಿತ್ತು. ಬಲ ಹೆಚ್ಚುತ್ತದೆ, ಪೆಟ್ರೋಲೂ ಉಳಿಯುತ್ತದೆ ಎಂದು ಮಾರಿದವರು ಹೇಳಿದ್ದರಂತೆ. ಅದು ನಿಜವೇ ಎಂದು ತಿಳಿಯಲು ನಾನೂ ನಾಲ್ಕು ಪುಸ್ತಕ ತಿರುವಿಹಾಕಬೇಕಾಯಿತು.

ಎಂಜಿನ್ನು ಪೆಟ್ರೋಲು ಕುಡಿಯುತ್ತದೆಂದು ಹೇಳುವುದು ರೂಢಿ. ವಾಸ್ತವವಾಗಿ ಅದು ಕುಡಿಯುವುದಕ್ಕಿಂತ ಉಸಿರಾಡುವುದೇ ಹೆಚ್ಚು. ತೂಕದಲ್ಲಿ ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಅಂದರೆ ಒಂದು ಲೀಟರು ಪೆಟ್ರೋಲಿಗೆ 9,000 ಲೀಟರಿಗೂ ಮೀರಿದ ಗಾಳಿ. ಹೀಗಿರುವಲ್ಲಿ ಗಾಳಿಯ ದಾರಿಯನ್ನು ಸಡಿಲಗೊಳಿಸಿದರೆ ಬಲ ಹೆಚ್ಚೀತೆಂಬ ಊಹೆ ಸಹಜವಾದುದೇ.

ತೊಡಕು ಇರುವುದು ಬೇರೆ ಕಡೆ. ಕಾಲಡಿಯ ಆಕ್ಸಿಲರೇಟರನ್ನು ಪೆಟ್ರೋಲಿನ ನಲ್ಲಿಯೆಂದು ಅನೇಕರು ತಿಳಿದಿದ್ದಾರೆ. ಪೆಟ್ರೋಲು ಕಾರಿನಲ್ಲಿ ಅದು ಗಾಳಿಯ ಬಾಗಿಲು. ಅದರಿಂದ ತೆರೆಯುವ ಥ್ರಾಟಲ್ ಕವಾಟವು ಸಾಧಾರಣ ಓಟದಲ್ಲಿ ಮುಕ್ಕಾಲು ಮುಚ್ಚಿಯೇ ಇರುತ್ತದೆ. ನಡುಮನೆಯ ಬಾಗಿಲನ್ನು ಓರೆಮಾಡಿಟ್ಟು ಅಂಗಳದ ಗೇಟನ್ನು ಎಷ್ಟು ಅಗಲ ಮಾಡಿದರೇನು? ಒಳಗೆ ಬರುವ ನೆಂಟರ ಸಂಖ್ಯೆ ಹೆಚ್ಚದು. ಪೆಡಲನ್ನು ಪೂರ್ತಿ ಅದುಮಿದಾಗ ಮಾತ್ರ ಫಿಲ್ಟರಿನ ತಡೆ ಲೆಕ್ಕಕ್ಕೆ ಬರುತ್ತದೆ. ಶುಚಿಯಾದ ಕಾಗದದ ಫಿಲ್ಟರಿನಲ್ಲಿ ಆ ತಡೆಯೂ ಅತ್ಯಲ್ಪ. ಡೀಸೆಲ್ ಗಾಡಿಯ ಮಾತು ಬೇರೆ: ಅಲ್ಲಿ ಬಲ ನಿರ್ಧಾರವಾಗುವುದು ಒಳಕ್ಕೆ ಚಿಮ್ಮುವ ಇಂಧನದ ಅಳತೆಯಿಂದ, ಗಾಳಿ ಸಾಮಾನ್ಯವಾಗಿ ಬೇಕಾದುದಕ್ಕಿಂತ ಹೆಚ್ಚೇ ಇರುತ್ತದೆ.

ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಇದನ್ನು ತಿರುವುಮುರುವಾಗಿ ಪರೀಕ್ಷಿಸಿದರು. ಬೇಕೆಂದೇ ಫಿಲ್ಟರನ್ನು ಕಟ್ಟಿಸಿ ನೋಡಿದರು. ಗಣಕದ ಹತೋಟಿಯಲ್ಲಿರುವ ಹೊಸ ಬಗೆಯ ಪೆಟ್ರೋಲು ಕಾರುಗಳಲ್ಲಿ ಮೈಲೇಜು ಗಮನಾರ್ಹವಾಗಿ ಇಳಿಯಲಿಲ್ಲ. ವೇಗ ಹಿಡಿಯುವುದು ಮಾತ್ರ ಶೇಕಡ 6ರಿಂದ 11ರಷ್ಟು ನಿಧಾನವಾಯಿತು. ಕಟ್ಟಿಕೊಂಡ ಫಿಲ್ಟರಿನಿಂದಲೇ ಪೆಟ್ರೋಲು ವ್ಯರ್ಥವಾಗಲಿಲ್ಲವೆಂದ ಮೇಲೆ, ಶುಚಿಯಾದುದನ್ನು ತೆಗೆದು ಇನ್ನೂ ಸಡಿಲವಾದುದನ್ನು ಹಾಕಿದರೆ ಉಳಿಯುವುದೆಲ್ಲಿಂದ? ಗಾಳಿಯನ್ನು ಸುಳಿಯಾಗಿಸುತ್ತೇವೆಂದು ಕೊಳವೆಯೊಳಗೆ ಸಣ್ಣ ರೆಕ್ಕೆಗಳನ್ನು ಕೂರಿಸುವವರೂ ಇದ್ದಾರೆ. ಅದು ದಾರಿಗೆ ಅಡ್ಡಲಾಗಿ ಇಟ್ಟ ಮತ್ತೊಂದು ವಸ್ತು, ಅಷ್ಟೆ.

ಹುಡುಗ ಹೇಳಿದ ಸದ್ದು ಸುಳ್ಳಲ್ಲ. ಕಾರ್ಖಾನೆಯ ಪೆಟ್ಟಿಗೆ ಗಾಳಿಯನ್ನು ಸೋಸುವುದರ ಜೊತೆಗೆ ಹೀರುವ ಸದ್ದನ್ನೂ ಅಡಗಿಸುತ್ತದೆ. ಪೆಟ್ಟಿಗೆ ಹೋದರೆ ಗರ್ಜನೆ ಹೊರಬರುತ್ತದೆ; ಕಿವಿಗೆ ಅದು ಬಲವೆಂದು ತೋರುತ್ತದೆ. ನಮ್ಮ ತರಗತಿಗಳಲ್ಲಿಯೂ ಗಟ್ಟಿಯಾಗಿ ಓದಿದವನೇ ಜಾಣನೆಂದು ಕೆಲವು ಕಾಲ ನಂಬಿಸುತ್ತಾನೆ. ಇನ್ನೊಂದು ಸಂಗತಿ: ಆ ಪೆಟ್ಟಿಗೆಯ ಕೊಳವೆ ಸಾಮಾನ್ಯವಾಗಿ ಗಾಡಿಯ ಮುಂಭಾಗದಿಂದ ಹೊರಗಿನ ಗಾಳಿಯನ್ನು ತರುತ್ತದೆ. ಬಯಲು ಫಿಲ್ಟರು ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ ಹೀರುತ್ತದೆ. ಗಾಳಿ 3 ಡಿಗ್ರಿ ಕಾದರೆ ಅದರ ಸಾಂದ್ರತೆ ಹೆಚ್ಚುಕಡಿಮೆ ಶೇಕಡ 1ರಷ್ಟು ಇಳಿಯುತ್ತದೆ. ಹೊರಗೇ 40 ಡಿಗ್ರಿ ದಾಟುವ ನಮ್ಮ ಬೇಸಗೆಯಲ್ಲಿ, ನಿಂತು ನಿಂತು ಜನ ಹತ್ತಿಸಿಕೊಳ್ಳುವ ಬಾಡಿಗೆ ಗಾಡಿಯ ಬಾನೆಟ್ಟಿನೊಳಗೆ ಎಷ್ಟಿದ್ದೀತು, ನೀವೇ ಊಹಿಸಿ.

ಇಷ್ಟಾದರೆ ನಷ್ಟ ಹಣದ್ದು ಮಾತ್ರ. ನನಗೆ ಅಂಜಿಕೆಯಾದುದು ಧೂಳಿನ ವಿಷಯದಲ್ಲಿ. ಕೂಡ್ಲಿಗಿಯ ಕೆಂಪು ನೆಲ, ಹಡಗಲಿ ಹಗರಿಬೊಮ್ಮನಹಳ್ಳಿ ಕಡೆಯ ಎರೆಹೊಲಗಳ ಮಣ್ಣು, ಸುಗ್ಗಿಯಲ್ಲಿ ಡಾಂಬರು ರಸ್ತೆಯನ್ನೇ ಕಣ ಮಾಡಿ ಹರವುವ ಹುರುಳಿ, ಮೈಲಾರದ ಜಾತ್ರೆಗೆ ಸಾಲುಗಟ್ಟುವ ಬಂಡಿಗಳು, ಇವೆಲ್ಲದರ ಧೂಳನ್ನೂ ನಮ್ಮ ಗಾಡಿಗಳು ಉಸಿರಾಡಬೇಕು. ಮಣ್ಣಿನ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಕಬ್ಬಿಣಕ್ಕಿಂತ ಗಟ್ಟಿ. ಅದು ಸಿಲಿಂಡರಿನ ಗೋಡೆಗೂ ಪಿಸ್ಟನ್ನಿನ ರಿಂಗಿಗೂ ನಡುವೆ ಸೇರಿ ಸಾಣೆ ಹಿಡಿಯುತ್ತದೆ. ಬಳಿಕ ಆಯಿಲು ಮೇಲೇರಿ ಉರಿಯುತ್ತದೆ, ನೀಲಿ ಹೊಗೆ ಬರುತ್ತದೆ. ಕಡೆಗೆ ಎಂಜಿನ್ನು ಬಿಚ್ಚಿ ಬೋರ್ ಮಾಡಿಸುವುದೇ ಗತಿ. ಎಣ್ಣೆ ಸವರಿದ ಹತ್ತಿಯ ಬಟ್ಟೆಯ ಫಿಲ್ಟರುಗಳು ಗಾಳಿಯನ್ನು ಸಲೀಸಾಗಿ ಬಿಡುವಂತೆ ನುಣುಪು ಧೂಳನ್ನೂ ಸಾಮಾನ್ಯವಾಗಿ ಕಾಗದಕ್ಕಿಂತ ಹೆಚ್ಚು ಬಿಡುತ್ತವೆ. ಎಣ್ಣೆ ಅತಿಯಾದರೆ ಗಾಳಿಯನ್ನು ಅಳೆಯುವ ಸೂಕ್ಷ್ಮ ತಂತಿಗೆ ಅದು ಅಂಟಿ ಅಳತೆಯೇ ಕೆಡುತ್ತದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಪಥದಲ್ಲಿ ಪಂದ್ಯಕ್ಕಿಳಿಯುವ ಗಾಡಿಗಳಿಗೆ ಇಂಥವು ಸಲ್ಲಬಹುದು. ಅವುಗಳ ಎಂಜಿನ್ನನ್ನು ಆಗಾಗ ಬಿಚ್ಚಿ ಕಟ್ಟುತ್ತಾರೆ. ಬಾಡಿಗೆ ಕಾರಿಗೆ ಆ ಸೌಭಾಗ್ಯವಿಲ್ಲ.

ಫಿಲ್ಟರಿನಾಚೆಯ ಕೊಳವೆಯ ಒಳಮೈಯನ್ನು ಬಿಳಿಯ ಬಟ್ಟೆಯಿಂದ ಒರಸಿ ನೋಡೆಂದು ಹುಡುಗನಿಗೆ ಹೇಳಿದೆ. ಬಟ್ಟೆ ಕೆಂಪಾಗಿ ಬಂತು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಪುಣ್ಯಕ್ಕೆ ಹಳೆಯ ಪೆಟ್ಟಿಗೆಯನ್ನು ಮಾರಿರಲಿಲ್ಲ. ಅವರ ತಾಯಿ ಅದರಲ್ಲಿ ಬೆಳ್ಳುಳ್ಳಿ ತುಂಬಿಟ್ಟಿದ್ದರು. ತೊಳೆದು, ಹೊಸ ಕಾಗದದ ಫಿಲ್ಟರು ಇಟ್ಟು, ಅಂಚಿನ ರಬ್ಬರು ಸುತ್ತಲೂ ಸರಿಯಾಗಿ ಕೂತಿದೆಯೆಂದು ಬೆರಳಾಡಿಸಿ ನೋಡಿ ಮುಚ್ಚಿದ. ಇನ್ನು ಮುಂದೆ ವಾರಕ್ಕೊಮ್ಮೆ ಗಾಳಿ ಹೊಡೆಸಿ ಶುಚಿಮಾಡುತ್ತೇನೆಂದ. ಅದೂ ಬೇಡವೆಂದೆ. ತೆಳುವಾಗಿ ಧೂಳು ಹಿಡಿದ ಕಾಗದ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಜೋರುಗಾಳಿಗೆ ಅದು ಹರಿದರೆ ನಮಗೆ ಕಾಣುವುದೂ ಇಲ್ಲ. ಗಾಡಿಯ ಕೈಪಿಡಿಯಲ್ಲಿ ಧೂಳಿನ ಪ್ರದೇಶಕ್ಕೆಂದು ಬೇರೆ ಗಡುವು ಕೊಟ್ಟಿರುತ್ತಾರೆ. ನಮ್ಮ ತಾಲ್ಲೂಕುಗಳವರು ಲೆಕ್ಕಕ್ಕೆ ಹಿಡಿಯಬೇಕಾದುದು ಆ ಗಡುವನ್ನೇ.