ಕೊಳೆರೋಗ ಮತ್ತು ಪ್ರಯತ್ನದ ಲೆಕ್ಕ

ಗೆಲ್ಲುವ ಸಾಧ್ಯತೆ ಐದರಲ್ಲಿ ಒಂದು ಪಾಲು ಮಾತ್ರ ಇರುವ ಕೆಲಸವನ್ನು ಐದು ಸಲ ಪ್ರಯತ್ನಿಸಿದರೆ ಒಮ್ಮೆಯಾದರೂ ಗೆಲ್ಲುವ ಸಾಧ್ಯತೆ ಸುಮಾರು ಶೇ. 67ಕ್ಕೆ ಏರುತ್ತದೆ. ಪ್ರತಿ ಸಲ ಸೋಲುವ ಸಾಧ್ಯತೆ ಶೇ. 80 ಆಗಿದ್ದು, ಅದನ್ನು ಐದು ಸಲ ಗುಣಿಸಿದಾಗ ಐದೂ ಪ್ರಯತ್ನಗಳು ಸೋಲುವ ಸಾಧ್ಯತೆ ಶೇ. 33ಕ್ಕೆ ಇಳಿಯುವುದೇ ಇದಕ್ಕೆ ಕಾರಣ. ಒಳ್ಳೆಯ ಅಭ್ಯಾಸಗಳಿಂದ ಪ್ರತಿ ಪ್ರಯತ್ನದ ಗೆಲುವಿನ ಪಾಲು ಮೂರರಲ್ಲಿ ಒಂದಕ್ಕೆ ಏರಿದರೆ, ಅದೇ ಐದು ಪ್ರಯತ್ನಗಳ ಫಲ ಸುಮಾರು ಶೇ. 87 ಆಗುತ್ತದೆ. ಆದರೆ ಒಂದು ಪ್ರಯತ್ನದ ಸೋಲು ಮುಂದಿನದನ್ನು ಬಾಧಿಸದಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಬದುಕಿನಲ್ಲಿ ಹಾಗಾಗುವುದು ಅಪರೂಪವೆಂಬುದನ್ನು ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ಬೆಳೆಗಾರರು ಕೊಳೆರೋಗದಿಂದ ಬಹಳ ಹಿಂದೆಯೇ ಅರಿತಿದ್ದಾರೆ.

ಹೊಸನಗರ ತಾಲ್ಲೂಕಿನ ಹುಲಿಕಲ್, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಂಥ ಊರುಗಳನ್ನುಳ್ಳ ಈ ಸೀಮೆಯಲ್ಲಿ ಮುಂಗಾರು ತಿಂಗಳುಗಟ್ಟಲೆ ಬಿಡದೆ ಸುರಿಯುತ್ತದೆ. ಆ ತೇವದಲ್ಲಿ ಶಿಲೀಂಧ್ರವನ್ನು ಹೋಲುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಎಳೆಗಾಯಿಗಳ ಮೇಲೆ ಬೆಳೆದು, ಮೊದಲು ನೀರುಗಲೆ ಮೂಡಿಸಿ, ಕೊನೆಗೆ ಗೊನೆಗೊನೆಯನ್ನೇ ಉದುರಿಸುತ್ತದೆ. ಹಿಂದಿನವರು ಪ್ರತಿ ಗೊನೆಗೂ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ಶ್ರಮಕ್ಕೆ ಮಿತಿಯಿಲ್ಲದ ಕೆಲಸವದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಕ್ರಮೇಣ ಮಲೆನಾಡಿನ ತೋಟಗಳಿಗೆ ಬಂದಿತು. ಆ ದ್ರಾವಣವೂ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ: ಫ್ರಾನ್ಸಿನಲ್ಲಿ ಕಳ್ಳರನ್ನು ದೂರವಿಡಲು ದಾರಿಬದಿಯ ದ್ರಾಕ್ಷಿಬಳ್ಳಿಗಳಿಗೆ ಹಚ್ಚುತ್ತಿದ್ದ ಮಿಶ್ರಣವು ರೋಗವನ್ನೂ ತಡೆಯುತ್ತಿರುವುದನ್ನು 1882ರಲ್ಲಿ ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ, ಪ್ರಯೋಗಗಳನ್ನು ನಡೆಸಿದ ಬಳಿಕವೇ 1885ರಲ್ಲಿ ಅದನ್ನು ಪ್ರಕಟಿಸಿದರು.

ಈ ದ್ರಾವಣ ರೋಗವನ್ನು ವಾಸಿಮಾಡುವ ಮದ್ದಲ್ಲ, ರೋಗ ತಗಲುವ ಮೊದಲೇ ಕಾಯಿಯ ಮೇಲೆ ಕೂರಬೇಕಾದ ರಕ್ಷೆ. ಆದ್ದರಿಂದ ಮುಂಗಾರು ಬಲಗೊಳ್ಳುವ ಮೊದಲೇ ಒಮ್ಮೆ, 40ರಿಂದ 45 ದಿನಗಳ ಬಳಿಕ ಮತ್ತೊಮ್ಮೆ, ಮಳೆ ಮುಂದುವರಿದರೆ ಮೂರನೆಯ ಸಲ ಔಷಧಿ ಹೊಡೆಯುವುದು ರೂಢಿ. ಸಲಗಳ ಸಂಖ್ಯೆಯಷ್ಟೇ ಸಾಲದು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಪ್ರಮಾಣವನ್ನು ತೂಗಿಯೇ ಹಾಕುವುದು, ಸುಣ್ಣದ ತಿಳಿಗೆ ತುತ್ತದ ನೀರನ್ನು ನಿಧಾನವಾಗಿ ಸುರಿಯುವುದು, ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಸೇರಿಸುವುದು, ಕಲಸಿದ ದ್ರಾವಣವನ್ನು ಅದೇ ದಿನ ಮುಗಿಸುವುದು, ಮರವೇರುವ ಕೊನೆಗಾರರು ಗೊನೆಯ ಎಲ್ಲ ಬದಿಗೂ ತಲುಪುವಂತೆ ಹೊಡೆಯುವುದು: ಇವೆಲ್ಲ ಪ್ರತಿ ಪ್ರಯತ್ನದ ಗೆಲುವಿನ ಪಾಲನ್ನು ಹೆಚ್ಚಿಸುವ ಅಭ್ಯಾಸಗಳು.

ಇವುಗಳಿಗಿಂತ ಮುಖ್ಯವಾದುದು, ಎಲ್ಲರೂ ಸುಲಭವಾಗಿ ಕೈಬಿಡುವ ಕೆಲಸ. ಉದುರಿದ ಕಾಯಿಗಳನ್ನೂ ಮರದಲ್ಲೇ ಒಣಗಿ ಉಳಿದ ಕೊಳೆ ಗೊನೆಗಳನ್ನೂ ತೆಗೆದು ನಾಶಮಾಡದಿದ್ದರೆ ರೋಗಾಣು ಅಲ್ಲಿಯೇ ಉಳಿದು ಮರುವರ್ಷ ಮತ್ತೆ ಹಬ್ಬುತ್ತದೆ. ಕೆಲವೊಮ್ಮೆ ಸುಳಿಗೇ ಇಳಿದು ಮರವನ್ನೇ ಕೊಲ್ಲುತ್ತದೆ. ಈ ವರ್ಷದ ಸೋಲು ಮುಂದಿನ ವರ್ಷದ ಸೋಲಿನ ಬೀಜವಾಗುವುದು ಹೀಗೆ. ಅಂಥ ತೋಟದಲ್ಲಿ ಎಷ್ಟು ಸಲ ಔಷಧಿ ಹೊಡೆದರೂ ಮೇಲಿನ ಲೆಕ್ಕ ಫಲಿಸದು. ಪರೀಕ್ಷೆಗೆ ಓದುವವರಿಗೂ ಹೊಸ ವ್ಯಾಪಾರಕ್ಕೆ ಕೈಹಾಕುವವರಿಗೂ ಇದು ಅನ್ವಯಿಸುತ್ತದೆ: ಹಿಂದಿನ ತಪ್ಪನ್ನು ಗುರುತಿಸಿ ತೆಗೆದುಹಾಕದೆ ಮಾಡುವ ಮರುಪ್ರಯತ್ನವನ್ನು ಹೊಸ ಪ್ರಯತ್ನವೆಂದು ಎಣಿಸುವುದು ಸರಿಯಲ್ಲ.

ಇತ್ತೀಚಿನ ವರ್ಷಗಳಲ್ಲಿ ಈ ಮೂರೂ ತಾಲ್ಲೂಕುಗಳ ತೋಟಗಳನ್ನು ಕೊಳೆರೋಗದ ಜೊತೆಗೆ ಎಲೆಚುಕ್ಕಿ ರೋಗವೂ ಕಾಡುತ್ತಿದ್ದು, ಹಲವು ಕುಟುಂಬಗಳ ಜೀವನಾಧಾರವೇ ಅಲುಗಾಡಿದೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೇ ಇರುವಾಗ, ಬೆಳೆಗಾರರು ಯಾವ ದಿನ ಯಾವ ಔಷಧಿ ಹೊಡೆದರು, ಮಳೆ ಎಷ್ಟಾಯಿತು, ಫಲವೇನಾಯಿತು ಎಂಬುದನ್ನು ಬರೆದಿಟ್ಟು ಅಲ್ಲಿನ ತಜ್ಞರೊಡನೆ ಹಂಚಿಕೊಳ್ಳಬೇಕು. ಗಾಳಿ ಮಳೆಯಲ್ಲಿ ಹರಡುವ ರೋಗಕ್ಕೆ ಬೇಲಿಯ ಮಿತಿ ಇಲ್ಲದಿರುವುದರಿಂದ ಅಕ್ಕಪಕ್ಕದ ತೋಟದವರೂ ಒಟ್ಟಾಗಿ, ಒಂದೇ ಸಮಯಕ್ಕೆ ಔಷಧಿ ಹೊಡೆಯುವ, ರೋಗದ ಉಳಿಕೆಗಳನ್ನು ತೆಗೆಯುವ ಕೆಲಸಕ್ಕೆ ಇಳಿಯಬೇಕು.